ಚಾರ್ಲ್ಸ್ ಡಿಕನ್ಸ್: ಜನಸಾಮಾನ್ಯರ ಕಾದಂಬರಿಕಾರ

ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿನ ಬಡವನಿಗೆ ಹೊಸ ಕಾದಂಬರಿಯೊಂದನ್ನು ಕೊಳ್ಳುವುದು ಸಾಧ್ಯವಿರಲಿಲ್ಲ. ಮೂರು ಸಂಪುಟಗಳಲ್ಲಿ ಹೊರಬರುತ್ತಿದ್ದ ಕೃತಿಯ ಬೆಲೆ 31 ಷಿಲ್ಲಿಂಗ್ 6 ಪೆನ್ಸ್. ಹೊಲದ ಕೂಲಿಯವನಿಗೆ ಅದು ಕೆಲವು ವಾರಗಳ ದುಡಿಮೆ. ಅಂತಹ ಕಾದಂಬರಿಯನ್ನು ಜನಸಾಮಾನ್ಯರ ಕೈಗೆ ಎಟುಕಿಸಿದವರಲ್ಲಿ ಚಾರ್ಲ್ಸ್ ಡಿಕನ್ಸನು ಅಗ್ರಗಣ್ಯನು.

ಡಿಕನ್ಸನು 1812ರ ಫೆಬ್ರವರಿ 7ರಂದು ಪೋರ್ಟ್ಸ್‌ಮತ್‌ನಲ್ಲಿ ಜನಿಸಿದನು. ತಂದೆ ಜಾನ್ ಡಿಕನ್ಸ್ ನೌಕಾಪಡೆಯ ವೇತನ ಕಚೇರಿಯಲ್ಲಿ ಗುಮಾಸ್ತ. ಸ್ನೇಹಪರನಾದರೂ ಆದಾಯವರಿತು ವೆಚ್ಚ ಮಾಡದವನು. ಸಾಲ ಬೆಳೆದು 1824ರಲ್ಲಿ ಅವನು ಲಂಡನ್ನಿನ ಮಾರ್ಷಲ್ಸೀ ಸೆರೆಮನೆಯನ್ನು ಸೇರಬೇಕಾಯಿತು. ಹನ್ನೆರಡರ ಬಾಲಕನ ವಿದ್ಯಾಭ್ಯಾಸ ಅದಕ್ಕೆ ಮೊದಲೇ ನಿಂತುಹೋಗಿತ್ತು. ಥೇಮ್ಸ್ ನದಿಯ ದಡದಲ್ಲಿ, ಇಲಿಗಳು ತುಂಬಿದ ಹಳೆಯ ಕಟ್ಟಡವೊಂದರಲ್ಲಿ, ಬೂಟುಗಳಿಗೆ ಹಚ್ಚುವ ಕಪ್ಪುಬಣ್ಣದ ಭರಣಿಗಳಿಗೆ ಚೀಟಿ ಅಂಟಿಸುವುದು ಅವನ ಪಾಲಿಗೆ ಬಂದ ಕೆಲಸ. ಕೂಲಿ ವಾರಕ್ಕೆ 6 ಷಿಲ್ಲಿಂಗ್. ತಂದೆ ಬಿಡುಗಡೆಯಾದ ಮೇಲೂ ಮಗನು ದುಡಿಯುತ್ತಿರಲೆಂದೇ ತಾಯಿ ಬಯಸಿದಳು. ತಂದೆಯು ಒಪ್ಪದೆ ಶಾಲೆಗೆ ಕಳುಹಿಸಿದನು. ತಾಯಿಯ ಆ ಬಯಕೆಯನ್ನು ಮಗನು ಎಂದೂ ಮರೆಯಲಿಲ್ಲ.

ಹದಿನೈದನೆಯ ವಯಸ್ಸಿಗೇ ಶಾಲೆ ಮತ್ತೆ ತಪ್ಪಿತು. ವಕೀಲರ ಕಚೇರಿಯಲ್ಲಿ ಗುಮಾಸ್ತನಾದ ಡಿಕನ್ಸನು ಸ್ವಪ್ರಯತ್ನದಿಂದ ಶೀಘ್ರಲಿಪಿಯನ್ನು ಕಲಿತು, ಪಾರ್ಲಿಮೆಂಟಿನ ಕಲಾಪಗಳ ವರದಿಗಾರನಾದನು. 1836ರ ಏಪ್ರಿಲಿನಲ್ಲಿ ಅವನ 'ಪಿಕ್‌ವಿಕ್ ಪೇಪರ್ಸ್' ತಿಂಗಳಿಗೊಂದು ಕಂತಿನಂತೆ ಹೊರಬರತೊಡಗಿತು. ಒಂದು ಕಂತಿನ ಬೆಲೆ ಒಂದೇ ಷಿಲ್ಲಿಂಗ್. ಮೊದಲು ಕೆಲವು ನೂರು ಪ್ರತಿಗಳಷ್ಟೇ ಮಾರಾಟವಾಗುತ್ತಿದ್ದ ಆ ಕಂತುಗಳು 1837ರಲ್ಲಿ ಕೃತಿ ಮುಗಿಯುವ ವೇಳೆಗೆ ಸುಮಾರು 40,000ಕ್ಕೇರಿದವು. ಓದಲು ಬಾರದವರು ಓದಬಲ್ಲವರ ಸುತ್ತ ಕುಳಿತು ಕೇಳಿ ನಕ್ಕರು.

ನಗಿಸಿದ ಲೇಖನಿಯೇ ಬಳಿಕ ನಾಡಿನ ಮನಸ್ಸಾಕ್ಷಿಯನ್ನು ಕಲಕಿತು. 1834ರ ಬಡವರ ಕಾಯಿದೆಯಡಿ ದುಡಿಮೆಯ ಮನೆಗಳಲ್ಲಿ ಅರೆಹೊಟ್ಟೆಯಲ್ಲಿದ್ದ ಮಕ್ಕಳ ಬವಣೆಯನ್ನು 'ಆಲಿವರ್ ಟ್ವಿಸ್ಟ್' ತೋರಿಸಿತು. ಯಾರ್ಕ್‌ಷೈರಿನ ಖಾಸಗಿ ವಸತಿಶಾಲೆಗಳನ್ನು 1838ರಲ್ಲಿ ಸ್ವತಃ ನೋಡಿಬಂದು ಬರೆದ 'ನಿಕೊಲಸ್ ನಿಕಲ್‌ಬಿ', ವಿದ್ಯೆಯ ಹೆಸರಿನಲ್ಲಿ ನಡೆಯುತ್ತಿದ್ದ ಕ್ರೌರ್ಯವನ್ನು ಬಯಲಿಗೆಳೆಯಿತು.

ಆದರೆ ಲೋಕದ ದುಃಖವನ್ನೆಲ್ಲ ಸಾರಿದವನು ತನ್ನ ಬಾಲ್ಯದ ದುಃಖವನ್ನು ಮರೆಮಾಚಿದನು. ಕಾರ್ಖಾನೆಯ ಆ ದಿನಗಳ ಸಂಗತಿ ಅವನ ಸ್ವಂತ ಮಕ್ಕಳಿಗೂ ತಿಳಿದಿರಲಿಲ್ಲ. ಆಪ್ತಮಿತ್ರ ಜಾನ್ ಫಾರ್ಸ್ಟರನಿಗೆ ಮಾತ್ರ ಅದನ್ನು ಬರೆದು ತಿಳಿಸಿದ್ದನು. 1849-50ರಲ್ಲಿ ಪ್ರಕಟವಾದ 'ಡೇವಿಡ್ ಕಾಪರ್‌ಫೀಲ್ಡ್' ಕೃತಿಯಲ್ಲಿ ಅದೇ ವ್ಯಥೆಯನ್ನು ಬೇರೊಬ್ಬ ಬಾಲಕನ ಬಾಳಾಗಿ ಚಿತ್ರಿಸಿದಾಗ ಓದುಗರು ಅದನ್ನು ಕಲ್ಪನೆಯೆಂದೇ ಭಾವಿಸಿದರು.

ಅವನೂ ದೋಷರಹಿತನಲ್ಲ. ಹತ್ತು ಮಕ್ಕಳ ತಾಯಿಯಾದ ಪತ್ನಿ ಕ್ಯಾಥರೀನಳನ್ನು 1858ರಲ್ಲಿ ದೂರಮಾಡಿದನು. ಅನ್ಯರ ನೋವಿಗೆ ಕರಗಿದ ಹೃದಯ ಆಕೆಯ ವಿಷಯದಲ್ಲಿ ಕಠಿಣವಾಯಿತು.

1870ರ ಜೂನ್ 9ರಂದು, ಕೊನೆಯ ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟು, ಡಿಕನ್ಸನು ನಿಧನನಾದನು. ವೆಸ್ಟ್‌ಮಿನ್ಸ್ಟರ್ ಅಬ್ಬೆಯ ಸಮಾಧಿಯ ಬಳಿ ಸಾವಿರಾರು ಜನರು ಸಾಲಾಗಿ ಬಂದು ನಮಿಸಿದರು. ಫಾರ್ಸ್ಟರನು ಬರೆದ ಜೀವನಚರಿತ್ರೆ ಹೊರಬಂದ ಬಳಿಕವೇ, ಭರಣಿಗೆ ಚೀಟಿ ಅಂಟಿಸುತ್ತಿದ್ದ ಬಾಲಕನೇ ತಮ್ಮ ಮೆಚ್ಚಿನ ಲೇಖಕನೆಂಬುದು ಅವರಿಗೆ ತಿಳಿದದ್ದು. ಶಾಲೆಯನ್ನು ಕಳೆದುಕೊಂಡ ಆ ಬಾಲಕನು ಒಂದು ನಾಡಿನ ಜನರಿಗೇ ಓದುವ ಹಂಬಲವನ್ನು ಹಚ್ಚಿಹೋದನು.