ಪೆಟ್ಟಿಗೆ ತುಂಬ ಪುಸ್ತಕ

ಜರ್ಮನಿ ಅನ್ನೋ ದೇಶವೇ ಇನ್ನೂ ಇಲ್ಲದಿದ್ದ ಕಾಲದಲ್ಲಿ ಇಂಗ್ಲೆಂಡಿನಿಂದ ಒಬ್ಬ ವ್ಯಾಕರಣದ ಮೇಷ್ಟ್ರು ಅಲ್ಲಿಗೆ ಹೋದ. ಅಲ್ಲಿನ ಕ್ಯಾಥೊಲಿಕರು ಇವತ್ತಿಗೂ ಅವನನ್ನು ತಮ್ಮ ನಾಡಿನ ಸಂತ ಅಂತ ಪೂಜಿಸುತ್ತಾರೆ. ಹೆಸರು ಬೋನಿಫೇಸ್. ಮನೆಯಲ್ಲಿಟ್ಟ ಹೆಸರು ವಿನ್‌ಫ್ರಿತ್.

ಹುಟ್ಟಿದ್ದು ಸುಮಾರು 675ರಲ್ಲಿ, ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯದಲ್ಲಿ. ಮಗ ಮಠ ಸೇರೋದು ಅಪ್ಪನಿಗೆ ಇಷ್ಟವಿರಲಿಲ್ಲ. ಹುಡುಗ ಹಠ ಬಿಡಲಿಲ್ಲ. ಮೊದಲು ಎಕ್ಸೆಟರ್, ಆಮೇಲೆ ನರ್ಸ್ಲಿಂಗ್ ಅನ್ನೋ ಊರಿನ ಮಠದಲ್ಲಿ ಓದಿ, ಅಲ್ಲೇ ಪಾಠ ಹೇಳೋಕೆ ಶುರು ಮಾಡಿದ. ನಮಗೆ ಇಂಗ್ಲಿಷ್ ಹೇಗೋ ಅಲ್ಲಿನ ಮಕ್ಕಳಿಗೆ ಲ್ಯಾಟಿನ್ ಹಾಗೆ: ಮನೆಯಲ್ಲಿ ಯಾರೂ ಆಡಲ್ಲ, ಆದರೆ ಓದೋದೆಲ್ಲ ಅದರಲ್ಲೇ. ಅಂಥವರಿಗಾಗಿ ಈತ ಒಂದು ಲ್ಯಾಟಿನ್ ವ್ಯಾಕರಣವನ್ನೇ ಬರೆದ.

ನಲವತ್ತು ದಾಟಿದ ಮೇಲೆ, 716ರಲ್ಲಿ, ಸಮುದ್ರದಾಚೆಯ ಫ್ರೀಸಿಯಾಕ್ಕೆ, ಅಂದರೆ ಇಂದಿನ ನೆದರ್ಲ್ಯಾಂಡ್ಸ್ ಕರಾವಳಿಗೆ, ಕ್ರೈಸ್ತ ಧರ್ಮ ಸಾರಲು ಹೋದ. ಅಲ್ಲಿ ರಾಜ ರಾಡ್‌ಬೋಡ್‌ಗೂ ಫ್ರಾಂಕರ ನಾಯಕ ಚಾರ್ಲ್ಸ್ ಮಾರ್ಟೆಲ್‌ಗೂ ಯುದ್ಧ ನಡೀತಿತ್ತು. ಏನೂ ಆಗದೆ ವಾಪಸ್ ಬಂದ. ಅಷ್ಟರಲ್ಲಿ ಮಠದ ಮುಖ್ಯಸ್ಥ ತೀರಿಕೊಂಡ, ಆ ಪೀಠಕ್ಕೆ ಎಲ್ಲರೂ ಇವನನ್ನೇ ಕೂರಿಸಲು ಹೊರಟರು. ಬೇಡ ಅಂದ. 718ರಲ್ಲಿ ಮತ್ತೆ ಹೊರಟವನು ಇಂಗ್ಲೆಂಡಿಗೆ ತಿರುಗಿ ಬರಲೇ ಇಲ್ಲ. ಮರುವರ್ಷ ರೋಮಿನಲ್ಲಿ ಪೋಪ್ ಎರಡನೇ ಗ್ರೆಗರಿ ಹೊಸ ಕೆಲಸ ವಹಿಸಿ, ಬೋನಿಫೇಸ್ ಅನ್ನೋ ಹೊಸ ಹೆಸರನ್ನೂ ಕೊಟ್ಟ. 722ರಲ್ಲಿ ಬಿಷಪ್ ಮಾಡಿದ.

ಈತನ ಬಗ್ಗೆ ಎಲ್ಲರೂ ಹೇಳೋ ಕತೆ ಒಂದೇ, ಮರ ಕಡಿದದ್ದು. ಹೆಸ್ಸೆ ಪ್ರಾಂತ್ಯದ ಗೈಸ್ಮಾರ್‌ನಲ್ಲಿ ಗುಡುಗಿನ ದೇವರು ಡೋನಾರನದು ಅಂತ ಜನ ನಂಬಿದ್ದ ಒಂದು ದೊಡ್ಡ ಓಕ್ ಮರವಿತ್ತು. 723ರ ಸುಮಾರಿಗೆ ಬೋನಿಫೇಸ್ ಎಲ್ಲರೆದುರು ಅದಕ್ಕೆ ಕೊಡಲಿ ಹಾಕಿದ. ಸಿಡಿಲು ಬಡಿಯಲಿಲ್ಲ. ಆತ ಸತ್ತ ಮೇಲೆ ಚರಿತ್ರೆ ಬರೆದ ವಿಲಿಬಾಲ್ಡ್ ಪ್ರಕಾರ ಸ್ವಲ್ಪ ಕಚ್ಚು ಬೀಳುತ್ತಲೇ ಗಾಳಿ ಬೀಸಿ ಮರ ನಾಲ್ಕು ಹೋಳಾಯಿತು. ಆ ಮರದ ಹಲಗೆಗಳಿಂದಲೇ ಪ್ರಾರ್ಥನಾಮಂದಿರ ಎದ್ದಿತು.

ನಮಗೆ ಈ ಕತೆ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯಲ್ಲ. ಊರ ಅರಳಿಕಟ್ಟೆಯ ಮರಕ್ಕೆ ಯಾರೋ ಪರದೇಶದವನು ಬಂದು ಕೊಡಲಿ ಹಾಕಿದರೆ ನಮಗೆ ಹೇಗಾಗುತ್ತೆ? ಜೊತೆಗೆ, ಆತನ ಬೆನ್ನಿಗೆ ಚಾರ್ಲ್ಸ್ ಮಾರ್ಟೆಲ್ ಕೊಟ್ಟ ರಕ್ಷಣಾಪತ್ರ ಇತ್ತು. ಫ್ರಾಂಕರ ಒಡೆಯನ ಆಸರೆ ಇಲ್ಲದೆ ಇಲ್ಲಿ ತನ್ನ ಕೆಲಸ ನಡೆಯೋದೇ ಇಲ್ಲ ಅಂತ ಆತನೇ ಮುಂದೆ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ತಮಾಷೆ ಅಂದರೆ, ಮರ ಬಿದ್ದ ಆ ವರ್ಷಗಳಲ್ಲೇ ವಿಂಚೆಸ್ಟರಿನ ಬಿಷಪ್ ಡೇನಿಯಲ್ ಇವನಿಗೆ ಬರೆದ ಬುದ್ಧಿಮಾತು ಬೇರೆಯೇ ಇತ್ತು: ಅವರ ದೇವರುಗಳನ್ನು ಹೀಯಾಳಿಸಬೇಡ, ಸಿಟ್ಟೆಬ್ಬಿಸಬೇಡ, ಸಮಾಧಾನವಾಗಿ ಪ್ರಶ್ನೆ ಕೇಳುತ್ತಾ ಹೋಗು ಅಂತ.

ಕೊಡಲಿ ಹಿಡಿದದ್ದು ಒಂದು ದಿನ. ಲೇಖನಿ ಹಿಡಿದದ್ದು ಬದುಕಿಡೀ. ಅವನ ಪತ್ರಗಳು ಇನ್ನೂ ಉಳಿದಿವೆ, ಅವುಗಳಲ್ಲಿ ಮತ್ತೆ ಮತ್ತೆ ಬರೋ ಬೇಡಿಕೆ ಪುಸ್ತಕ. ಬೀಡ್ ಪಂಡಿತನ ಕೃತಿಗಳ ಪ್ರತಿ ಕಳಿಸಿ ಅಂತ ಒಬ್ಬರಿಗೆ. ಸಂತ ಪೀಟರನ ಪತ್ರಿಕೆಗಳನ್ನು ಬಂಗಾರದ ಅಕ್ಷರದಲ್ಲಿ ಬರೆದುಕೊಡಿ ಅಂತ ಸನ್ಯಾಸಿನಿ ಈಡ್‌ಬರ್ಗಾಗೆ, ಅದಕ್ಕೆ ಬೇಕಾದ ಸಾಮಗ್ರಿಯನ್ನೂ ಕಳಿಸಿ. ಹೊಳೆಯೋ ಅಕ್ಷರ ಕಂಡರೆ ಜನ ಗೌರವ ಕೊಡ್ತಾರೆ ಅನ್ನೋ ಲೆಕ್ಕಾಚಾರ. ವಯಸ್ಸಾಗಿ ಕಣ್ಣು ಮಂಜಾದಾಗ ಡೇನಿಯಲ್‌ಗೆ ಬರೆದ: ನರ್ಸ್ಲಿಂಗಿನ ತನ್ನ ಗುರು ವಿನ್‌ಬರ್ಟ್ ಬಿಡಿಸಿ ಬಿಡಿಸಿ ಬರೆದಿಟ್ಟ ಪ್ರವಾದಿಗಳ ಪುಸ್ತಕ ಬೇಕು, ಬೇರೆ ಪ್ರತಿಗಳ ಚಿಕ್ಕ ಅಕ್ಷರ ಕಾಣಿಸ್ತಿಲ್ಲ. ಅಷ್ಟರಲ್ಲಿ ಡೇನಿಯಲ್‌ಗೆ ದೃಷ್ಟಿ ಪೂರ್ತಿ ಹೋಗಿತ್ತು. ಅದೇ ಪತ್ರದಲ್ಲಿ ಅದಕ್ಕೆ ಸಮಾಧಾನವನ್ನೂ ಹೇಳಿದ್ದಾನೆ.

ವ್ಯಾಕರಣದ ಮೇಷ್ಟ್ರು ಒಳಗಿಂದ ಎಲ್ಲಿ ಹೋಗ್ತಾನೆ! ಬವೇರಿಯಾದಲ್ಲಿ ಒಬ್ಬ ಪಾದ್ರಿ ದೀಕ್ಷಾಸ್ನಾನ ಮಾಡಿಸುವಾಗ ಲ್ಯಾಟಿನ್ ತಪ್ಪಿ, ತಂದೆಯ ಮತ್ತು ಮಗನ ಹೆಸರಲ್ಲಿ ಅನ್ನೋದರ ಬದಲು ತಾಯ್ನಾಡಿನ ಮತ್ತು ಮಗಳ ಹೆಸರಲ್ಲಿ ಅಂದುಬಿಡುತ್ತಿದ್ದ. ಸಿಂಟ್ಯಾಕ್ಸ್ ಎರರ್, ದೀಕ್ಷೆ ರದ್ದು, ಮತ್ತೆ ಮಾಡಿಸಿ ಅಂದ ಬೋನಿಫೇಸ್. ದೂರು ರೋಮಿಗೆ ಹೋಯಿತು. ಗೊತ್ತಿಲ್ಲದೆ ಮಾಡಿದ ಭಾಷಾದೋಷಕ್ಕೆ ದೀಕ್ಷೆ ಕೆಡೋದಿಲ್ಲ ಅಂತ 746ರಲ್ಲಿ ಪೋಪ್ ಜಕಾರಿ ತೀರ್ಪು ಕೊಟ್ಟ. ಇಂಟರ್ನಲ್ಸ್‌ನಲ್ಲಿ ಒಂದು ಸೆಮಿಕೋಲನ್‌ಗೆ ಮಾರ್ಕ್ಸ್ ಕಳಕೊಂಡ ನಾವೆಲ್ಲ ಜಕಾರಿ ಕಡೆಗೇ.

ಅಷ್ಟರಲ್ಲಿ ಆತ ಆರ್ಚ್‌ಬಿಷಪ್ ಆಗಿದ್ದ, ಬವೇರಿಯಾದ ಚರ್ಚನ್ನು ಸಾಲ್ಜ್‌ಬರ್ಗ್, ಪಾಸಾವ್ ಮುಂತಾದ ಪೀಠಗಳಾಗಿ ವಿಂಗಡಿಸಿದ್ದ. 744ರಲ್ಲಿ ಶಿಷ್ಯ ಸ್ಟುರ್ಮ್ ಕೈಲಿ ಫುಲ್ಡಾ ಮಠ ಕಟ್ಟಿಸಿದ್ದ. ಅಲ್ಲೇ ಕಾಲು ಚಾಚಿ ಕೂರಬಹುದಿತ್ತು. ಆದರೆ ಎಂಬತ್ತರ ಹತ್ತಿರ ಬಂದವನು ಮೊದಲು ಸೋತಿದ್ದ ಫ್ರೀಸಿಯಾಕ್ಕೇ ಮತ್ತೆ ಹೊರಟ. ಪುಸ್ತಕದ ಪೆಟ್ಟಿಗೆಯಲ್ಲಿ ತನ್ನ ಹೆಣಕ್ಕೆ ಸುತ್ತಲು ಒಂದು ಬಟ್ಟೆಯನ್ನೂ ಇಡಿ ಅಂತ ಶಿಷ್ಯ ಲುಲ್‌ಗೆ ಹೇಳಿದ್ದನಂತೆ.

754ರ ಜೂನ್ 5ರಂದು ಡೊಕ್ಕಮ್ ಬಳಿ ಆಯುಧ ಹಿಡಿದವರ ಗುಂಪು ಬಿಡಾರದ ಮೇಲೆ ಬಿತ್ತು. ಜೊತೆಗಿದ್ದವರಿಗೆ ತಿರುಗಿ ಹೊಡೆಯಬೇಡಿ ಅಂದ. ಆತನೂ ಸತ್ತ, ಸುಮಾರು ಐವತ್ತು ಜನ ಸಂಗಡಿಗರೂ ಸತ್ತರು. ದರೋಡೆಕೋರರು ಸಿಕ್ಕಿದ ದ್ರಾಕ್ಷಾರಸ ಕುಡಿದು, ಪೆಟ್ಟಿಗೆಯೊಳಗಿನ ಚಿನ್ನ ಯಾರಿಗೆ ಅಂತ ತಮ್ಮತಮ್ಮಲ್ಲೇ ಬಡಿದಾಡಿಕೊಂಡರು. ಉಳಿದವರು ಮುಚ್ಚಳ ತೆಗೆದು ನೋಡಿದರೆ ಒಳಗೆ ಬರೀ ಪುಸ್ತಕ. ಸಿಟ್ಟಿಗೆ ಕೆಲವನ್ನು ಬಯಲಿಗೆ, ಕೆಲವನ್ನು ಜೌಗಿಗೆ ಎಸೆದು ಹೋದರು. ಎಷ್ಟೋ ದಿನದ ಮೇಲೆ ಅವು ಸಿಕ್ಕವು ಅನ್ನುತ್ತಾನೆ ವಿಲಿಬಾಲ್ಡ್.

ದೇಹವನ್ನು ಫುಲ್ಡಾಕ್ಕೆ ತಂದು ಹೂಳಿದರು. ಆ ದಿನ ಆತನ ಜೊತೆಗಿತ್ತು ಅಂತ ನಂಬುವ ಒಂದು ಚರ್ಮದ ಹಾಳೆಗಳ ಪುಸ್ತಕ ಇವತ್ತಿಗೂ ಫುಲ್ಡಾದಲ್ಲಿದೆ. ಅದರ ಮೈಮೇಲೆ ಆಳವಾಗಿ ಕಡಿದ ಗಾಯಗಳಿವೆ.