ಗ್ಯಾಲಕ್ಸಿಗಳಿಗೂ ವಯಸ್ಸಾಗುತ್ತೆ ಅಂತ ಲೆಕ್ಕ ಹಾಕಿ ತೋರಿಸಿದ ಬಿಯಾಟ್ರಿಸ್ ಟಿನ್ಸ್ಲಿ

ದೂರದ ದೊಡ್ಡ ಗ್ಯಾಲಕ್ಸಿಗಳ ಬೆಳಕು ಕಾಲ ಕಳೆದರೂ ಅಷ್ಟೇನೂ ಬದಲಾಗಲ್ಲ ಅಂತ 1960ರ ದಶಕದಲ್ಲಿ ಹಲವು ಖಗೋಳ ವಿಜ್ಞಾನಿಗಳು ನಂಬಿದ್ದರು. ಆ ಬೆಳಕನ್ನೇ ಅಳತೆಗೋಲು ಮಾಡಿ ವಿಶ್ವದ ಭವಿಷ್ಯ ಲೆಕ್ಕ ಹಾಕುತ್ತಿದ್ದರು. ಅಳತೆಗೋಲೇ ಸರಿಯಿಲ್ಲ ಎಂದು ತೋರಿಸಿದವರು ಬಿಯಾಟ್ರಿಸ್ ಟಿನ್ಸ್ಲಿ.

ಅವರು ಹುಟ್ಟಿದ್ದು 1941ರಲ್ಲಿ, ಇಂಗ್ಲೆಂಡಿನ ಚೆಸ್ಟರ್‌ನಲ್ಲಿ. ಬೆಳೆದದ್ದು, ಓದಿದ್ದು ನ್ಯೂಜಿಲೆಂಡಿನಲ್ಲಿ. 1963ರಲ್ಲಿ ಗಂಡನ ಉದ್ಯೋಗಕ್ಕಾಗಿ ಅಮೆರಿಕದ ಡಾಲಸ್‌ಗೆ ಬಂದರು. ಮನೆಯಲ್ಲೇ ಕೂರುವುದು ಅವರಿಗೆ ಒಗ್ಗಲಿಲ್ಲ. ಸುಮಾರು 300 ಕಿ.ಮೀ. ದೂರದ ಆಸ್ಟಿನ್‌ಗೆ ಹೋಗಿ ಬಂದು ಮಾಡುತ್ತಾ, ಮೂರು ವರ್ಷದೊಳಗೆ ಪಿಎಚ್‌ಡಿ ಪ್ರಬಂಧ ಮುಗಿಸಿದರು.

ಅವರ ವಿಚಾರ ಸರಳ. ಗ್ಯಾಲಕ್ಸಿಯ ಬಂಡವಾಳ ಅಂದ್ರೆ ಅದರೊಳಗಿನ ಅನಿಲ. ಅದರಿಂದ ನಕ್ಷತ್ರಗಳು ಹುಟ್ಟುತ್ತವೆ. ದೊಡ್ಡ ನೀಲಿ ನಕ್ಷತ್ರಗಳು ಬೇಗ ಉರಿದು ಮುಗಿಯುತ್ತವೆ, ಸಣ್ಣ ಕೆಂಪು ನಕ್ಷತ್ರಗಳು ಸಾವಿರಾರು ಕೋಟಿ ವರ್ಷ ಬಾಳುತ್ತವೆ. ಸಾಯುವ ನಕ್ಷತ್ರ ಒಂದಷ್ಟು ಅನಿಲವನ್ನು ಹೊಸ ಧಾತುಗಳ ಸಮೇತ ವಾಪಸ್ ಕೊಡುತ್ತದೆ, ಅದರಿಂದ ಮುಂದಿನ ಪೀಳಿಗೆ. ಈ ಜಮಾ-ಖರ್ಚನ್ನೆಲ್ಲ ಟಿನ್ಸ್ಲಿ ಕಂಪ್ಯೂಟರಿಗೆ ಹಾಕಿ, ಗ್ಯಾಲಕ್ಸಿಯ ಬಣ್ಣ, ಬೆಳಕು ಕಾಲಕಾಲಕ್ಕೆ ಹೇಗೆ ಬದಲಾಗುತ್ತದೆ ಎಂದು ತೋರಿಸಿದರು. ದೂರದ ಗ್ಯಾಲಕ್ಸಿಯ ಬೆಳಕು ನಮ್ಮನ್ನು ತಲುಪಲು ಕೋಟಿಗಟ್ಟಲೆ ವರ್ಷ ಬೇಕು. ಹಾಗಾಗಿ ನಮಗೆ ಕಾಣುವುದು ಅದರ ಎಳೆ ವಯಸ್ಸಿನ ಬೆಳಕು. ಅದನ್ನು ಇಂದಿನ ಬೆಳಕು ಅಂತ ಹಿಡಿದರೆ ಲೆಕ್ಕವೇ ತಪ್ಪು. 1974ರಲ್ಲಿ ಅವರು ಮೂವರು ಸಹೋದ್ಯೋಗಿಗಳ ಜೊತೆ ಬರೆದ ಪ್ರಬಂಧ, ವಿಶ್ವ ಹಿಗ್ಗುತ್ತಲೇ ಹೋಗುವ ಸಾಧ್ಯತೆ ಹೆಚ್ಚು ಅಂತ ಹೇಳಿತು.

ಇಷ್ಟೆಲ್ಲ ಮಾಡಿದರೂ ಡಾಲಸ್‌ನಲ್ಲಿ ತಕ್ಕ ಕೆಲಸ ಸಿಗಲಿಲ್ಲ. ಮನೆಯಲ್ಲಿ ದತ್ತು ತೆಗೆದುಕೊಂಡ ಇಬ್ಬರು ಮಕ್ಕಳಿದ್ದರು. ಕೊನೆಗೆ 1974ರಲ್ಲಿ ವಿಚ್ಛೇದನ ಆಯಿತು, ಮಕ್ಕಳು ತಂದೆಯ ಜೊತೆ ಉಳಿದರು. ಸಂಶೋಧನೆಗಾಗಿ ಅವರು ತೆತ್ತ ಬೆಲೆ ಸಣ್ಣದಲ್ಲ. 1975ರಲ್ಲಿ ಯೇಲ್ ವಿಶ್ವವಿದ್ಯಾನಿಲಯ ಸೇರಿದರು. 1978ರಲ್ಲಿ ಅಲ್ಲಿನ ಖಗೋಳ ವಿಜ್ಞಾನದ ಮೊದಲ ಮಹಿಳಾ ಪ್ರೊಫೆಸರ್ ಆದರು.

ಅದೇ ವರ್ಷ ಚರ್ಮದ ಕ್ಯಾನ್ಸರ್ ಪತ್ತೆಯಾಯಿತು. ಬಲಗೈ ಸೋತಾಗ ಎಡಗೈಯಲ್ಲಿ ಬರೆಯಲು ಕಲಿತರು, ಕೊನೆಯ ಪ್ರಬಂಧವನ್ನೂ ಮುಗಿಸಿದರು. 1981ರ ಮಾರ್ಚ್ 23ರಂದು ತೀರಿಕೊಂಡಾಗ ಬರೀ 40 ವರ್ಷ.

ಪಿಎಚ್‌ಡಿ ಮುಗಿದ ಮೇಲೆ ಅವರಿಗೆ ಸಿಕ್ಕಿದ್ದು ಸುಮಾರು 14 ವರ್ಷ, ಅಷ್ಟೇ. ಅಷ್ಟರಲ್ಲಿ ಬರೆದ ಪ್ರಬಂಧಗಳು ನೂರರ ಹತ್ತಿರ. ಇವತ್ತು ದೂರದ ಗ್ಯಾಲಕ್ಸಿಯ ಬೆಳಕು ನೋಡಿ ಅದರ ವಯಸ್ಸು ಹೇಳುವವರು ನಡೆಯುತ್ತಿರುವುದು ಟಿನ್ಸ್ಲಿ ಹಾಕಿಕೊಟ್ಟ ದಾರಿಯಲ್ಲೇ.