ಜೀವಕೋಶದ ವೈದ್ಯ ರುಡಾಲ್ಫ್ ವಿರ್ಚೋ

ಸಕಲ ಜೀವಿಗಳ ಶರೀರವೂ ಜೀವಕೋಶಗಳಿಂದಾಗಿದೆ ಎಂಬುದು ಹೈಸ್ಕೂಲು ವಿದ್ಯಾರ್ಥಿಗಳೆಲ್ಲರೂ ಅರಿತ ವಿಷಯ. ರೋಗದ ಮೂಲವನ್ನೂ ಆ ಕೋಶಗಳಲ್ಲಿಯೇ ಹುಡುಕಬೇಕೆಂದು ಲೋಕಕ್ಕೆ ತಿಳಿಸಿದ ಮಹನೀಯರು ರುಡಾಲ್ಫ್ ವಿರ್ಚೋ.

ಅವರು 1821ನೇ ಇಸವಿ ಅಕ್ಟೋಬರ್ 13ರಂದು ಪ್ರಶ್ಯದ ಶೀವೆಲ್ಬೈನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಈ ಊರು ಈಗ ಪೋಲೆಂಡಿನಲ್ಲಿದೆ. ಸಾಧಾರಣ ಕುಟುಂಬದ ಈ ಬಾಲಕ ವಿದ್ಯಾರ್ಥಿವೇತನದ ನೆರವಿನಿಂದ ಬರ್ಲಿನ್ನಿನಲ್ಲಿ ಓದಿ 1843ರಲ್ಲಿ ವೈದ್ಯರಾದರು. ಎರಡೇ ವರ್ಷಗಳಲ್ಲಿ, ಬಿಳಿ ರಕ್ತಕಣಗಳು ಮಿತಿಮೀರುವ ರೋಗವನ್ನು ಸೂಕ್ಷ್ಮದರ್ಶಕದಿಂದ ಕಂಡು ವಿವರಿಸಿದರು. ಅದಕ್ಕೆ ಲ್ಯುಕೇಮಿಯ ಎಂಬ ಹೆಸರನ್ನಿತ್ತವರೂ ಅವರೇ. ಎಡಗಡೆಯ ಕೊರಳೆಲುಬಿನ ಮೇಲೆ ಬಾತುಕೊಳ್ಳುವ ದುಗ್ಧಗ್ರಂಥಿಯು ಹೊಟ್ಟೆಯೊಳಗಿನ ಕ್ಯಾನ್ಸರಿನ ಸೂಚನೆಯಾಗಿರಬಹುದೆಂದು ಅವರು ತೋರಿಸಿದರು. ಅದನ್ನು ಇಂದಿಗೂ ವಿರ್ಚೋ ಗ್ರಂಥಿ ಎನ್ನುತ್ತಾರೆ.

1848ರಲ್ಲಿ ಮೇಲಣ ಸೈಲೀಷ್ಯದಲ್ಲಿ ಟೈಫಸ್ ಜ್ವರ ಹಬ್ಬಿದಾಗ ಸರಕಾರವು ಅವರನ್ನು ಅಲ್ಲಿಗೆ ಕಳುಹಿಸಿತು. ಹಸಿವು, ಬಡತನ, ಅವಿದ್ಯೆಗಳೇ ಈ ಪಿಡುಗಿನ ಬೇರುಗಳೆಂದು ಅವರು ನಿರ್ಭಯವಾಗಿ ವರದಿ ಮಾಡಿದರು. ಅದೇ ವರ್ಷದ ಕ್ರಾಂತಿಯಲ್ಲಿಯೂ ಪಾಲ್ಗೊಂಡರು. ಸರಕಾರದ ಕೋಪಕ್ಕೆ ಗುರಿಯಾಗಿ 1849ರಲ್ಲಿ ಬರ್ಲಿನ್ ಬಿಡಬೇಕಾಯಿತು. ಆದರೆ 1856ರಲ್ಲಿ ಅದೇ ನಗರ ಅವರನ್ನು ಗೌರವದಿಂದ ಮರಳಿ ಕರೆಯಿತು. ಕೋಶದಿಂದಲೇ ಕೋಶ ಹುಟ್ಟುತ್ತದೆ, ಗಡ್ಡೆಗಳೂ ಶರೀರದ ಕೋಶಗಳಿಂದಲೇ ಬೆಳೆಯುತ್ತವೆ ಎಂಬ ತತ್ತ್ವವನ್ನು ಸಾರಿದ ಅವರ ಗ್ರಂಥ 1858ರಲ್ಲಿ ಪ್ರಕಟವಾಯಿತು.

ಮನುಷ್ಯ ವೈದ್ಯಕ್ಕೂ ಪಶುವೈದ್ಯಕ್ಕೂ ನಡುವೆ ಗೋಡೆಯಿರಬಾರದೆಂಬುದು ವಿರ್ಚೋ ಅವರ ದೃಢವಾದ ನಂಬಿಕೆ. ಹಂದಿಮಾಂಸದಿಂದ ಹರಡುವ ಹುಳುವಿನ ಬೆಳವಣಿಗೆಯನ್ನು ಅವರು 1859ರಲ್ಲಿ ನಾಯಿಯ ಕರುಳಿನಲ್ಲಿ ಕಂಡರು. ಮಾಂಸವನ್ನು ಪರೀಕ್ಷಿಸಿಯೇ ಮಾರಬೇಕೆಂದು ಹೋರಾಡಿದರು. ರೋಗಾಣು ಸಿದ್ಧಾಂತವನ್ನು ಪೂರ್ಣವಾಗಿ ಒಪ್ಪಲು ಮಾತ್ರ ಹಿಂಜರಿದರು. ಮಹಾತ್ಮರಿಗೂ ಮಿತಿಗಳುಂಟು!

ಅವರ ದಾರಿ ಇಂದು ನಮ್ಮ ಅಂಗಳದವರೆಗೂ ಬಂದಿದೆ. ನಮ್ಮ ಕಾಸರಗೋಡಿನಲ್ಲಿ ನಾಯಿ, ಬೆಕ್ಕುಗಳಿರುವ ಮನೆಗಳು ಅನೇಕ. ಅವುಗಳ ಚರ್ಮದಲ್ಲಿ ಗಂಟು ಕಂಡರೆ ಅರಸಿನ ಹಚ್ಚಿ ಸುಮ್ಮನಿರುವವರುಂಟು. ಗಂಟು ಬರಿಯ ಕೊಬ್ಬಿನದಾಗಿರಬಹುದು, ಕೀವಿನದಾಗಿರಬಹುದು, ಕ್ಯಾನ್ಸರೂ ಆಗಿರಬಹುದು. ದವಡೆಯ ಕೆಳಗೆ, ಹೆಗಲಿನ ಮುಂದೆ, ಮೊಣಕಾಲಿನ ಹಿಂದೆ ಗ್ರಂಥಿಗಳು ಬಾತರೆ ಉಣ್ಣಿಯಿಂದ ಹರಡುವ ಜ್ವರವೂ ಕಾರಣವಾಗಿರಬಹುದು, ದುಗ್ಧಗ್ರಂಥಿಯ ಕ್ಯಾನ್ಸರೂ ಕಾರಣವಾಗಿರಬಹುದು. ಮುಟ್ಟಿ ನೋಡಿದ ಮಾತ್ರಕ್ಕೆ ನಿಶ್ಚಯಿಸಲಾಗದು. ಪಶುವೈದ್ಯರು ಸಪೂರವಾದ ಸೂಜಿಯಿಂದ ಕೆಲವು ಕೋಶಗಳನ್ನು ತೆಗೆದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸಂದೇಹ ಉಳಿದರೆ ಗಂಟಿನ ಚೂರನ್ನೇ ತೆಗೆದು ಪರೀಕ್ಷಿಸುತ್ತಾರೆ. ತಡಮಾಡದೆ ತೋರಿಸಿದರೆ ಆ ಮೂಕಜೀವಿ ಉಳಿಯುವ ಸಂಭವ ಹೆಚ್ಚು.

ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆಯೆಲುಬು ಮುರಿದುಕೊಂಡ ವಿರ್ಚೋ 1902ರ ಸೆಪ್ಟೆಂಬರ್ 5ರಂದು ತೀರಿಕೊಂಡರು. ವಿದ್ಯಾರ್ಥಿ ಮಿತ್ರರೇ, ಊಹಿಸಿ ನಂಬದೆ ಕಣ್ಣಾರೆ ಕಂಡು ತಿಳಿಯುವುದು, ಕಂಡ ಸತ್ಯವನ್ನು ಅಂಜದೆ ಹೇಳುವುದು – ಇವೆರಡೇ ಅವರು ನಮಗೆ ಬಿಟ್ಟುಹೋದ ಆಸ್ತಿ.